ಕೊಳಲನ್ನು ಕೆಳಗಿಟ್ಟ ಹೊತ್ತು

ಕೊಳಲೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಏಕಾಂತ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ದಲ್ಲಿ ಮಧುರೆಗೆ ಹೊರಟ ಕೃಷ್ಣ ಕೊಳಲನ್ನು ಗೋಕುಲದಲ್ಲಿಯೇ ಬಿಟ್ಟು ನಡೆಯುತ್ತಾನೆ. ಹಲವರನ್ನು ಕೂಡಿಸಿ ನಡೆಸುವ ಕಾರ್ಯಕ್ಕೂ ಕೊಳಲಿಗೂ ಹೊಂದಿಕೆಯಾಗದೆಂಬುದು ನನ್ನ ಎಳವೆಯ ತಿಳಿವಳಿಕೆಯಾಗಿತ್ತು. ಅದನ್ನು ತಿದ್ದಿದವರು ಪನ್ನಾಲಾಲ್ ಘೋಷ್.

ಅವರು ಹುಟ್ಟಿದ್ದು 1911ರಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಬಾರಿಸಾಲದಲ್ಲಿ. ತಂದೆ ಸಿತಾರ್ ವಾದಕರು. ಬೇಹಾಗ್, ಯಮನ್‌ಗಳ ವಿಲಂಬಿತ ಖ್ಯಾಲನ್ನು ಕೊಳಲಿನಲ್ಲಿ ನುಡಿಸಬಹುದೆಂದು ಆಗ ನಂಬಿದವರು ವಿರಳ. ಅದು ಹಳ್ಳಿಯ ಹಾಡಿಗೆ, ನಾಟಕ ಚಲನಚಿತ್ರಗಳ ಹಿಮ್ಮೇಳಕ್ಕೆ ಸಲ್ಲುವ ವಾದ್ಯವೆನಿಸಿತ್ತು. ಪನ್ನಾಲಾಲರು ಸುಮಾರು 32 ಅಂಗುಲ ಉದ್ದದ ಬಿದಿರನ್ನು ಆರಿಸಿಕೊಂಡರು. ಬಿದಿರು ಉದ್ದವಾದಷ್ಟೂ ದನಿ ಗಂಭೀರವಾಗುತ್ತದೆ. ಆದರೆ ರಂಧ್ರಗಳು ದೂರ ಸರಿದು ಬೆರಳು ಹಿಗ್ಗಬೇಕಾಗುತ್ತದೆ, ಉಸಿರೂ ಹೆಚ್ಚು ಬೇಕು. ಆರು ರಂಧ್ರಗಳ ಕೆಳಗೆ, ಕಿರುಬೆರಳಿಗೆ ನಿಲುಕುವಂತೆ ಏಳನೆಯದೊಂದನ್ನು ಅವರು ಸೇರಿಸಿದರು. ತೀವ್ರ ಮಧ್ಯಮದಿಂದ ಪಂಚಮಕ್ಕೆ ಕಂಠದಂತೆ ಜಾರುವ ಮೀಂಡಿಗೆ ಅದರಿಂದ ದಾರಿಯಾಯಿತು. ಒಂದು ರಂಧ್ರದಿಂದ ಕೊಳಲು ಗಾಯಕರ ಪಂಕ್ತಿಯಲ್ಲಿ ಕುಳಿತಿತು.

ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನಲ್ಲಿ ದುಡಿದು, 1940ರಲ್ಲಿ ಮುಂಬಯಿಗೆ ಬಂದು, 1942ರ ‘ಬಸಂತ್’ ಚಿತ್ರದ ಸಂಗೀತ ನಿರ್ದೇಶಕರೆಂದು ಹೆಸರು ಕಾಣಿಸಿಕೊಂಡ ಬಳಿಕವೂ ಅವರು ಶಿಷ್ಯತ್ವವನ್ನು ಮುಗಿಸಲಿಲ್ಲ. 1947ರಲ್ಲಿ, ಪ್ರಸಿದ್ಧಿಯ ನಡುವೆಯೇ, ಉಸ್ತಾದ್ ಅಲ್ಲಾವುದ್ದೀನ್ ಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಅನಾಥ ಮಕ್ಕಳಿಗೆ ವಾದ್ಯ ಕಲಿಸಿ ‘ಮೈಹರ್ ಬ್ಯಾಂಡ್’ ಕಟ್ಟಿದ ಗುರು ಅವರು. ಹಲವರ ಕೈಯಿಂದ ಒಂದೇ ರಾಗವನ್ನು ನುಡಿಸುವುದು ಆ ಮನೆಗೆ ಹೊಸದಾಗಿರಲಿಲ್ಲ.

ದೆಹಲಿಯ ಆಕಾಶವಾಣಿಯಲ್ಲಿ ರಾಷ್ಟ್ರೀಯ ವಾದ್ಯವೃಂದವು 1952ರಲ್ಲಿ ರೂಪುಗೊಂಡಿತು. ರವಿಶಂಕರ್ ಹಾಗೂ ಟಿ.ಕೆ. ಜಯರಾಮ ಅಯ್ಯರ್ ಅದರ ಮೊದಲ ನಿರ್ದೇಶಕರು. ರವಿಶಂಕರರು ಆಕಾಶವಾಣಿಯನ್ನು ಬಿಟ್ಟ 1956ರಲ್ಲಿ ಪನ್ನಾಲಾಲರು ಅದರ ನಿರ್ದೇಶಕರಾಗಿ ಬಂದರು.

ಈ ಕೆಲಸದ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸಂಗೀತದಲ್ಲಿ ರಾಗವು ಒಬ್ಬನ ಮನೋಧರ್ಮದಲ್ಲಿ ಆ ಕ್ಷಣಕ್ಕೆ ಬೆಳೆಯುವಂಥದು. ಒಬ್ಬ ಸಿತಾರಿನವನ ಮೀಂಡು, ಒಬ್ಬ ವೀಣೆಯವನ ಗಮಕ ಅವರವರದೇ. ಹತ್ತಾರು ಮಂದಿ ತಮ್ಮ ತಮ್ಮ ಅಲಂಕಾರವನ್ನು ಹೊರತೆಗೆದರೆ ಸಂತೆಯಾಗುತ್ತದೆ. ಎಲ್ಲವನ್ನೂ ಬರೆದು ಬಿಗಿದರೆ ರಾಗದ ಉಸಿರು ನಿಲ್ಲುತ್ತದೆ. ಈ ಎರಡರ ನಡುವಣ ಓಣಿ ಬಹಳ ಕಿರಿದು. ‘ಕಲಿಂಗ ವಿಜಯ’, ‘ಋತುರಾಜ’, ‘ಹರಿಯಾಲಿ’ ಮೊದಲಾದ ಕೃತಿಗಳಲ್ಲಿ ಅವರು ಆ ಓಣಿಯಲ್ಲಿ ನಡೆದರು. ವಸ್ತುವೊಂದನ್ನು ಹಿಡಿದು, ಯಾವ ವಾದ್ಯ ಎಲ್ಲಿ ಮೊದಲು ಮಾತನಾಡಬೇಕು, ಯಾವುದು ಕಾದಿರಬೇಕು ಎಂಬುದನ್ನು ಗೊತ್ತುಮಾಡುವುದೇ ಅಲ್ಲಿ ರಚನೆ.

ತಾನು ಕಟ್ಟಿದ ದನಿಯನ್ನು ಕೆಳಗಿಟ್ಟು ಇತರರ ದನಿಗೆ ಕೈಯೆತ್ತುವುದು ಏಕವ್ಯಕ್ತಿ ಕಲಾವಿದನಿಗೆ ಸುಲಭದ ತ್ಯಾಗವಲ್ಲ. ಆದರೆ ಅವರು ಕೃಷ್ಣನಂತೆ ಕೊಳಲನ್ನು ತೊರೆದುಬಿಡಲಿಲ್ಲ. ವೃಂದದ ಮುಂದೆ ಇಳಿಸಿದ್ದನ್ನು ಕಚೇರಿಯಲ್ಲಿ ಮತ್ತೆ ಎತ್ತಿಕೊಂಡರು. ಆ ಎರಡು ಬಾಳು ಒಟ್ಟಿಗೆ ಸಾಗಿದ್ದು ನಾಲ್ಕೇ ವರ್ಷ. 1960ರ ಏಪ್ರಿಲ್ 20ರಂದು ದೆಹಲಿಯಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಅವರ ಉದ್ದ ಕೊಳಲನ್ನು ಮುಂದಕ್ಕೆ ಒಯ್ದವರಲ್ಲಿ, ನಮ್ಮ ಕರಾವಳಿಯ ಊರಿನ ಹೆಸರನ್ನು ಹೊತ್ತ ದೇವೇಂದ್ರ ಮುರ್ಡೇಶ್ವರರೂ ಒಬ್ಬರು. ಶಿಷ್ಯರು ಹೇಗೋ ಹಾಗೆ ಅಳಿಯಂದಿರು.

ನಾನು ಅವರನ್ನು ಕೇಳಿದ್ದು ಧ್ವನಿಮುದ್ರಣಗಳಲ್ಲಿ ಮಾತ್ರ. ಮೂರು ದಶಕಗಳ ಕಾಲ ತರಗತಿಯಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ನಾನೊಬ್ಬನೇ ಓದಿ ಹೇಳಿದೆ. ವಿದ್ಯಾರ್ಥಿಗಳ ಬಾಯಿಂದ ಒಂದು ಪದ್ಯವನ್ನೂ ಓದಿಸಲಿಲ್ಲ. ಅವರು ತಪ್ಪುವರೆಂಬ ಅಂಜಿಕೆ ಒಂದು ನೆಪ. ನನ್ನ ದನಿಯ ಮೋಹವೇ ನಿಜವಾದ ಕಾರಣ. ನಿವೃತ್ತಿಗೆ ಎರಡು ವರ್ಷವಿರುವಾಗ ಪುಸ್ತಕವನ್ನು ಮುಂದಿನ ಬೆಂಚಿನ ಹುಡುಗಿಯೊಬ್ಬಳ ಕೈಗೆ ಕೊಟ್ಟೆ. ಅವಳು ಎರಡು ಕಡೆ ಎಡವಿದಳು. ಮೂರನೆಯ ಪದ್ಯದಲ್ಲಿ, ನಾನು ಎಂದೂ ನಿಲ್ಲಿಸದ ಕಡೆ ನಿಲ್ಲಿಸಿದಳು; ಅರ್ಥ ಅಲ್ಲಿಯೇ ಇತ್ತು.