ಕಿನ್ನಿಕಂಬಳದ ಕೀಲಿಮಣೆ, ಹೆಲ್ಸಿಂಕಿಯ ಕರ್ನಲ್

ಹಳೆಯ ಕಂಪ್ಯೂಟರಿಗೆ ಲುಬುಂಟು ಎಂಬ ಹಗುರ ಲಿನಕ್ಸ್ ಹಾಕಲು ಕೂತವರಿಗೆ ನಡುವೆ ಒಂದು ಪ್ರಶ್ನೆ ಎದುರಾಗುತ್ತದೆ: ಕೀಲಿಮಣೆ ಯಾವುದು? ಭಾರತದ ಭಾಷೆಗಳ ಸಾಲಿನಲ್ಲಿ ಕನ್ನಡವಿದೆ. ಅದರ ಜತೆಗೆ ‘ಕಗಪ’ ಎಂಬ ಇನ್ನೊಂದು ಆಯ್ಕೆಯೂ ಇದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಬರ್ಲಿನ್ನಿನಲ್ಲಿ ಇಳಿಸಿಕೊಂಡರೂ ಬಂಟ್ವಾಳದಲ್ಲಿ ಇಳಿಸಿಕೊಂಡರೂ ಈ ಆಯ್ಕೆ ಕಾರ್ಯಾಚರಣ ವ್ಯವಸ್ಥೆಯ ಜತೆಗೇ ಬರುತ್ತದೆ. ಇದರ ಹಿಂದಿರುವ ಅಕ್ಷರ ವಿನ್ಯಾಸವನ್ನು ರೂಪಿಸಿದವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ.ಪಿ. ರಾವ್.

ಮಂಗಳೂರಿಗೂ ಕನ್ನಡ ಅಕ್ಷರ ತಂತ್ರಜ್ಞಾನಕ್ಕೂ ನಂಟು ಹಳೆಯದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು ಇಲ್ಲಿಯೇ. ಮುಂದೆ ಮೊಳೆ ಜೋಡಿಸುವ ಕಾಲ ಬಂತು. ಗುಣಿತಾಕ್ಷರ, ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ ಮೊಳೆ ಬೇಕಾದ್ದರಿಂದ ಕನ್ನಡದ ಜೋಡಣೆ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಕಷ್ಟದ ಕೆಲಸವಾಗಿತ್ತು. ಮುಂಬಯಿಯಲ್ಲಿ ಟಾಟಾ ಪ್ರೆಸ್ ಮತ್ತು ಮೋನೋಟೈಪ್‌ನಲ್ಲಿ ಕೆಲಸ ಮಾಡಿದ ರಾವ್ ಈ ಕಷ್ಟವನ್ನು ಹತ್ತಿರದಿಂದ ಬಲ್ಲವರು. ಸಿಂಧೂ ಲಿಪಿಯ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಅವರ ಜತೆಗೂ ದುಡಿದವರು.

ಅವರು ಕಂಡುಕೊಂಡ ಪರಿಹಾರ ಸರಳ. ಮೂಲಾಕ್ಷರಗಳಿಗೆ ಮಾತ್ರ ಕೀಲಿ ಕೊಡುವುದು, ಅವು ಸೇರಿದಾಗ ಯಾವ ರೂಪ ತಾಳಬೇಕೆಂಬುದನ್ನು ಯಂತ್ರಕ್ಕೆ ಬಿಡುವುದು. ಕೆ ಒತ್ತಿದರೆ ಕ, ಶಿಫ್ಟ್ ಜತೆ ಒತ್ತಿದರೆ ಖ. ಎಫ್ ಕೀಲಿ ಅಕ್ಷರವನ್ನು ಅರ್ಧವಾಗಿಸುವ ಹಲಂತ ಚಿಹ್ನೆಗೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಸಲ ಬೆರಳಾಡಿಸಿದರೆ ‘ಕನ್ನಡ’ ಮೂಡುತ್ತದೆ. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯೇ ಸಾಕು, ಬೇರೆ ಯಂತ್ರ ಬೇಡ. ರಾವ್ ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಅದರ ಹೆಸರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರದು. ರಾವ್ ಅವರ ವಿನ್ಯಾಸವನ್ನೇ ಕರ್ನಾಟಕ ಸರ್ಕಾರ ಅಧಿಕೃತವೆಂದು ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ಅದನ್ನೇ ಬಳಸಿತು. ಅಲ್ಲಿಂದ ಅದು ಲಿನಕ್ಸ್‌ನ ಕೀಲಿಮಣೆ ಕಡತಗಳೊಳಗೂ ಸೇರಿತು.

ಲಿನಕ್ಸ್‌ನದು ಬೇರೆಯೇ ದಾರಿ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟಲು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆ ಘೋಷಿಸಿದರು. ಅದಕ್ಕೆ ಬೇಕಾದ ಸಲಕರಣೆಗಳೆಲ್ಲ ಒಂದೊಂದಾಗಿ ಸಿದ್ಧವಾದರೂ ಯಂತ್ರಕ್ಕೂ ತಂತ್ರಾಂಶಕ್ಕೂ ನಡುವಿನ ಕರ್ನಲ್ ಮಾತ್ರ ಕೈಗೂಡಿರಲಿಲ್ಲ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಕಂಪ್ಯೂಟರಿಗಾಗಿ ಒಂದು ಕರ್ನಲ್ ಬರೆದ. ಗ್ನು ಸಲಕರಣೆಗಳೂ ಆ ಕರ್ನಲ್ಲೂ ಸೇರಿ ಲಿನಕ್ಸ್ ವ್ಯವಸ್ಥೆಯಾಯಿತು. ಆಗ ‘ಹಗುರ’ ಎಂಬ ವಿಶೇಷಣದ ಅಗತ್ಯವೇ ಇರಲಿಲ್ಲ, ಏಕೆಂದರೆ ಯಂತ್ರವೇ ಅಷ್ಟು ಸಣ್ಣದು.

ತೂಕ ಏರಿದ್ದು ಆಮೇಲೆ. ಪರದೆಯ ಮೇಲಿನ ಅಲಂಕಾರ, ನೆರಳು, ಚಲಿಸುವ ಕಿಟಕಿಗಳು ಬಂದಂತೆ ಮೆಮೊರಿಯ ಬೇಡಿಕೆಯೂ ಬೆಳೆಯಿತು. ಕರ್ನಲ್ ಅದೇ, ಮೇಲಿನ ಡೆಸ್ಕ್‌ಟಾಪ್ ಮಾತ್ರ ಭಾರ. ಹಾಗಾದರೆ ಡೆಸ್ಕ್‌ಟಾಪನ್ನಷ್ಟೇ ಬದಲಿಸಿದರೆ ಸಾಲದೇ? ಹಗುರ ಲಿನಕ್ಸ್‌ಗಳು ಹುಟ್ಟಿದ್ದು ಈ ಯೋಚನೆಯಿಂದ.

2000ದಲ್ಲಿ ಜರ್ಮನಿಯ ಕ್ಲೌಸ್ ಕ್ನಾಪರ್ ಹೊರತಂದ ಕ್ನಾಪಿಕ್ಸ್, ಹಾರ್ಡ್‌ಡಿಸ್ಕನ್ನು ಮುಟ್ಟದೆ ಸಿಡಿಯಿಂದಲೇ ಓಡುತ್ತಿತ್ತು. ‘ಮೊದಲು ನೋಡಿ, ಆಮೇಲೆ ಹಾಕಿಕೊಳ್ಳಿ’ ಎಂಬ ಇಂದಿನ ಪದ್ಧತಿ ಜನಪ್ರಿಯವಾದದ್ದು ಅದರಿಂದ. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಆರಂಭಿಸಿದ ಪಪ್ಪಿ ಲಿನಕ್ಸ್ ಇಡಿಯಾಗಿ ರ‍್ಯಾಮ್‌ನೊಳಗೆ ಕೂತು ಕೆಲಸ ಮಾಡಿತು. ಡ್ಯಾಮ್ ಸ್ಮಾಲ್ ಲಿನಕ್ಸ್ 50 ಎಂಬಿಯ ಗೆರೆ ದಾಟುವುದಿಲ್ಲವೆಂದು ಹಟ ಹಿಡಿಯಿತು. 2006ರಲ್ಲಿ ತೈವಾನಿನಿಂದ ಎಲ್‌ಎಕ್ಸ್‌ಡಿಇ ಎಂಬ ಹಗುರ ಡೆಸ್ಕ್‌ಟಾಪ್ ಬಂತು. ಅದನ್ನು ಉಬುಂಟು ಎಂಬ ಲಿನಕ್ಸ್‌ಗೆ ಜೋಡಿಸಿದಾಗ 2010ರ ಹೊತ್ತಿಗೆ ಲುಬುಂಟು ಸಿದ್ಧವಾಯಿತು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ ಬುಡದ ಮೇಲೆ ನಿಂತ ಆಂಟಿಎಕ್ಸ್‌ಗೆ 2007ರಿಂದ ಗ್ರೀಸಿನಲ್ಲಿ ಆರೈಕೆ.

ಇದೇ ಹೊತ್ತಿಗೆ ಕರ್ನಾಟಕದಲ್ಲೂ ಒಂದು ಸಾಹಸ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎಂಜಿನಿಯರುಗಳ ಜತೆ ಸೇರಿ ಲಿನಕ್ಸ್ ಓಡುವ, ಅಂಗೈಯಲ್ಲಿ ಹಿಡಿಯಬಹುದಾದ ‘ಸಿಂಪ್ಯೂಟರ್’ ರೂಪಿಸಿದರು. 2004ರಲ್ಲಿ ಬಿಇಎಲ್ ಸಹಯೋಗದಲ್ಲಿ ‘ಅಮಿಡಾ ಸಿಂಪ್ಯೂಟರ್’ ಮಾರುಕಟ್ಟೆಗೆ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಕಡಿಮೆ ಶಕ್ತಿಯ ಯಂತ್ರದಲ್ಲಿ ಭಾರತೀಯ ಭಾಷೆಗಳನ್ನು ನಡೆಸಬಹುದೆಂಬುದನ್ನಂತೂ ಅದು ತೋರಿಸಿಕೊಟ್ಟಿತು.

ಯಂತ್ರ ಓಡಿದರೆ ಸಾಲದು, ಅಕ್ಷರ ಮೂಡಬೇಕು. ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೆ ಲಿನಕ್ಸ್ ಪರದೆಯಲ್ಲಿ ಒತ್ತಕ್ಷರ ಸರಿಯಾಗಿ ಕೂರಲು ಇನ್ನೂ ಕೆಲವು ವರ್ಷ ಬೇಕಾಯಿತು. ರೆಡ್‌ಹ್ಯಾಟ್ 2004ರಲ್ಲಿ ಲೋಹಿತ್ ಅಕ್ಷರಗಳನ್ನು ಮುಕ್ತವಾಗಿ ಬಿಟ್ಟಿತು. ಮುಂದೆ ಕನ್ನಡದ ತಂತ್ರಜ್ಞರೇ ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರ ವಿನ್ಯಾಸಗಳನ್ನು ಕೊಟ್ಟರು. ಇವೆಲ್ಲ ಇಂದು ಡೆಬಿಯನ್ ಭಂಡಾರದಲ್ಲಿವೆ. ಡೆಬಿಯನ್ನನ್ನು ಹಾಕಿಕೊಳ್ಳುವ ತಂತ್ರಾಂಶವೇ ಕನ್ನಡದಲ್ಲಿ ಮಾತಾಡಬಲ್ಲದು. ಒಂದು ಷರತ್ತೆಂದರೆ ಚಿತ್ರಾತ್ಮಕ ವಿಧಾನವನ್ನೇ ಆರಿಸಿಕೊಳ್ಳಬೇಕು. ಬರೀ ಅಕ್ಷರದ ಕಪ್ಪು ಪರದೆಯಲ್ಲಿ ಕನ್ನಡ ಲಿಪಿ ಜೋಡಣೆಯಾಗದ ಕಾರಣ ಅಲ್ಲಿನ ಪಟ್ಟಿಯಲ್ಲಿ ಕನ್ನಡ ಕಾಣುವುದೇ ಇಲ್ಲ.

ಮಂಗಳೂರಿನವರಿಗೆ ಇನ್ನೂ ಒಂದು ಸ್ವಾರಸ್ಯವಿದೆ. ಲಿನಕ್ಸ್‌ನ ಭಾಷಾ ಪ್ರದೇಶಗಳ ಕಡತ ತೆರೆದರೆ ಕನ್ನಡದ ಜತೆ ಕೊಂಕಣಿಗೂ ತುಳುವಿಗೂ ಪ್ರತ್ಯೇಕ ಸಾಲುಗಳಿವೆ. ಸಂವಿಧಾನದ ಎಂಟನೇ ಪರಿಚ್ಛೇದ ಇನ್ನೂ ಸೇರಿಸಿಕೊಳ್ಳದ ತುಳು ಅಲ್ಲಿದೆ! ತುಳು–ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ಸ್ಥಾನ ಸಿಕ್ಕಿದೆ.

ಇಷ್ಟೆಲ್ಲ ಸಾಮಗ್ರಿ ಸಿದ್ಧವಿದ್ದರೂ ಅದು ತರಗತಿಗೆ, ಮೇಜಿನ ಮೇಲಿನ ಯಂತ್ರಕ್ಕೆ ಇಳಿಯುವುದು ಬೇರೆಯೇ ಮಾತು. ಅದು ಹೇಗೆ ಆಗುತ್ತದೆಂದು ನೋಡಲು ಮಂಗಳೂರಿಗರು ಬಹಳ ದೂರ ಹೋಗಬೇಕಿಲ್ಲ. ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟು ತಲಪಾಡಿ ದಾಟಿದರೆ ಮಂಜೇಶ್ವರ, ಮುಂದೆ ಕುಂಬಳೆ, ಕಾಸರಗೋಡು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ ಪಠ್ಯಕ್ರಮದಂತೆ ಗ್ನು/ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ, ಅದೂ ಕನ್ನಡದ ಪಠ್ಯಪುಸ್ತಕ ಹಿಡಿದು.

ಕೇರಳ ಸರ್ಕಾರ 2001ರಲ್ಲಿ ‘ಐಟಿ@ಸ್ಕೂಲ್’ ಯೋಜನೆ ಆರಂಭಿಸಿದಾಗ ಅಲ್ಲೂ ವಿಂಡೋಸ್‌ನದೇ ಪಾರುಪತ್ಯ. ಕೆಲವೇ ವರ್ಷಗಳಲ್ಲಿ ಶಾಲೆಗಳಿಗೆಂದೇ ಸಿದ್ಧಪಡಿಸಿದ ಗ್ನು/ಲಿನಕ್ಸ್ ಬಂತು. ಮೊದಲು ಡೆಬಿಯನ್ ಆಧಾರಿತ, ನಂತರ ಉಬುಂಟು ಆಧಾರಿತ. ಹಂತಹಂತವಾಗಿ ಇಡೀ ಶಾಲಾ ವ್ಯವಸ್ಥೆ ಅತ್ತ ಹೊರಳಿತು. ಎಸ್ಎಸ್ಎಲ್‌ಸಿಯ ಐಟಿ ಪರೀಕ್ಷೆಯೂ ಅದರಲ್ಲೇ. 2017ರಲ್ಲಿ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು, ಮರುವರ್ಷ ಮಕ್ಕಳ ‘ಲಿಟಲ್ ಕೈಟ್ಸ್’ ಕೂಟಗಳು ಶುರುವಾದವು. 2019ರಲ್ಲಿ ಕೈಟ್ ಹೇಳಿಕೊಂಡ ಪ್ರಕಾರ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಈ ವ್ಯವಸ್ಥೆಯಿಂದ ಸರ್ಕಾರಕ್ಕೆ ಉಳಿದ ಪರವಾನಗಿ ವೆಚ್ಚ ಸುಮಾರು 3,000 ಕೋಟಿ ರೂಪಾಯಿ. ಆ ಲೆಕ್ಕದಲ್ಲಿ ಪ್ರತಿ ಯಂತ್ರಕ್ಕೆ ಒಂದೂವರೆ ಲಕ್ಷ ರೂಪಾಯಿಯ ತಂತ್ರಾಂಶ ಹಿಡಿದಿದ್ದರು. ಅಷ್ಟು ದುಬಾರಿ ತಂತ್ರಾಂಶವನ್ನು ಶಾಲೆಗಳು ಕೊಳ್ಳುತ್ತಿದ್ದವೇ ಎಂದು ತಕರಾರು ತೆಗೆಯಬಹುದು. ಆದರೆ ಕಾಸರಗೋಡಿನ ಹೈಸ್ಕೂಲು ಹುಡುಗಿ ನಕಾಶೆ ಬಿಡಿಸಲು ಕ್ಯೂಜಿಐಎಸ್, ಚಿತ್ರ ತಿದ್ದಲು ಗಿಂಪ್ ಬಳಸುತ್ತಾಳೆಂಬುದರಲ್ಲಿ ತಕರಾರಿಲ್ಲ.

ಕೇರಳ ಗೆದ್ದದ್ದು ತಂತ್ರಾಂಶದ ಬಲದಿಂದಷ್ಟೇ ಅಲ್ಲ. ಯಂತ್ರ ಕೆಟ್ಟಾಗ ಬೆಂಗಳೂರಿಗೋ ತಿರುವನಂತಪುರಕ್ಕೋ ಫೋನು ಮಾಡಿ ಕಾಯುವ ಬದಲು ಶಾಲೆಯಲ್ಲೇ ಒಬ್ಬ ಮೇಷ್ಟ್ರಿಗೋ ಟೀಚರಿಗೋ ಕೆಲಸ ಕಲಿಸಿದರು. ಕರ್ನಾಟಕದಲ್ಲೂ 2011ರ ಹೊತ್ತಿಗೆ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಜತೆ ಸೇರಿ ಹೈಸ್ಕೂಲು ಶಿಕ್ಷಕರಿಗೆ ಉಬುಂಟು ಕಲಿಸಿತ್ತು. ಬೀಜ ಬಿತ್ತು, ಕೇರಳದಷ್ಟು ಹರಡಲಿಲ್ಲ.

ಈಗ ಹರಡಲು ಹೊಸ ಕಾರಣವೊಂದು ಸೇರಿಕೊಂಡಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಬೇಕು. ಹಾಗಾಗಿ 2017ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳು, ಕೆಟ್ಟಿರದಿದ್ದರೂ, ಹೊರಗೆ. ಹಂಪನಕಟ್ಟೆಯ ಕಚೇರಿಯಿಂದ ಹಿಡಿದು ಮನೆಯ ಅಟ್ಟದವರೆಗೆ ಅಂಥವು ಎಲ್ಲ ಕಡೆ ಇವೆ.

ಅವುಗಳಿಗೆ ಹೊಸ ವ್ಯವಸ್ಥೆ ಹಾಕುವ ಕೆಲಸ ಕೈಯಿಂದಲೇ ಶುರುವಾಗಬೇಕು. ಕರಾವಳಿಯ ಮಳೆಗಾಲದ ತೇವ ರ‍್ಯಾಮ್ ಪಟ್ಟಿಯ ಅಂಚಿಗೆ ಮಬ್ಬು ಹಿಡಿಸುತ್ತದೆ. ರಿಪೇರಿಯವರು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಸತ್ತೇಹೋಯಿತೆಂದುಕೊಂಡ ಎಷ್ಟೋ ಯಂತ್ರ ಎದ್ದು ಕೂರುತ್ತದೆ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ತಾರೀಖು ತಪ್ಪಿದರೆ ಬ್ರೌಸರು ಬ್ಯಾಂಕಿನ ತಾಣವನ್ನೂ ನಂಬುವುದಿಲ್ಲ. ಹತ್ತಾರು ರೂಪಾಯಿಯ ಬ್ಯಾಟರಿಯ ತಪ್ಪನ್ನು ಜನ ಲಿನಕ್ಸ್‌ನ ತಲೆಗೆ ಕಟ್ಟುವುದುಂಟು.

ಆಮೇಲೆ ಆಯ್ಕೆ. ಕೋರ್ 2 ಡ್ಯುಯೋ ಮತ್ತು ನಂತರದವು 64 ಬಿಟ್‌ನವು, ಅವಕ್ಕೆ ಹೆಚ್ಚಿನ ಲಿನಕ್ಸ್‌ಗಳು ನಡೆಯುತ್ತವೆ. ಅದಕ್ಕೂ ಹಳೆಯ 32 ಬಿಟ್ ಯಂತ್ರವಾದರೆ ದಾರಿ ಕಿರಿದಾಗುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ. ಇಳಿಸಿಕೊಂಡ ಐಎಸ್‌ಒ ಕಡತವನ್ನು ರೂಫಸ್‌ನಂಥ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆದು, ಯಂತ್ರ ಶುರುವಾಗುವಾಗ ಎಫ್12 ಅಥವಾ ಎಫ್2 ಒತ್ತಿ ಪೆನ್‌ಡ್ರೈವಿನಿಂದ ಏಳುವಂತೆ ಹೇಳಬೇಕು. ಮೊದಲು ಇನ್‌ಸ್ಟಾಲ್ ಮಾಡದೆಯೇ ‘ಲೈವ್’ ನಡೆಸಿ ಪರದೆ, ಧ್ವನಿ, ವೈಫೈ ಪರೀಕ್ಷಿಸುವುದು ಜಾಣತನ. ವೈಫೈ ಒಂದು ಕಾಲದ ದೊಡ್ಡ ತಲೆನೋವು. ಬಹಳಷ್ಟು ವೈಫೈ ಚಿಪ್ಪುಗಳಿಗೆ ಬೇಕಾದ, ಮುಕ್ತವಲ್ಲದ ಫರ್ಮ್‌ವೇರನ್ನು ಡೆಬಿಯನ್ ತನ್ನ ಅಧಿಕೃತ ಕಡತದಲ್ಲಿ ಸೇರಿಸುತ್ತಿರಲಿಲ್ಲ. 2022ರಲ್ಲಿ ಅದರ ಸದಸ್ಯರು ಮತ ಹಾಕಿ ಈ ನಿಯಮ ಸಡಿಲಿಸಿದರು, 2023ರ ಡೆಬಿಯನ್ 12ರಿಂದ ಆ ಕಾಟ ಬಹುಮಟ್ಟಿಗೆ ತಪ್ಪಿದೆ.

ಕೊನೆಯದು, ಅಪಾಯದ್ದು ಕೂಡ, ‘ಡಿಸ್ಕ್ ಅಳಿಸು’ ಎಂಬ ಗುಂಡಿ. ಮದುವೆಯ ಫೋಟೊಗಳನ್ನು ಬೇರೆಡೆ ಉಳಿಸಿಕೊಳ್ಳದೆ ಅದನ್ನು ಒತ್ತಬಾರದು. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಸಣ್ಣದೊಂದು ಎಸ್‌ಎಸ್‌ಡಿ ಹಾಕಿದರೆ ಆಗುವ ವ್ಯತ್ಯಾಸ ಯಾವ ಹಗುರ ಡೆಸ್ಕ್‌ಟಾಪಿನಿಂದಲೂ ಆಗದು.

ಎಲ್ಲರಿಗೂ ಲಿನಕ್ಸ್ ಒಗ್ಗುತ್ತದೆಂದು ಹೇಳುವಂತಿಲ್ಲ. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು, ಲೆಕ್ಕಪತ್ರದವರು ಬಿಟ್ಟುಬರಲಾರರು. ಮದುವೆ ಕಾಗದ ಅಚ್ಚು ಹಾಕುವ ಡಿಟಿಪಿಯವರ ಹತ್ತಿಪ್ಪತ್ತು ವರ್ಷಗಳ ಕಡತಗಳು ಯುನಿಕೋಡ್ ಅಲ್ಲದ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿವೆ. ಪರಿವರ್ತಕ ಬಳಸದೆ ತೆರೆದರೆ ಲಿನಕ್ಸ್‌ನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ತಮ್ಮ ಕಂಪನಿಯ ಗುಟ್ಟಿನ ಭಾಷೆಯನ್ನಷ್ಟೇ ಕೇಳುತ್ತವೆ. ಹಗುರ ಡೆಸ್ಕ್‌ಟಾಪುಗಳ ಮೆನುಗಳೆಲ್ಲ ಕನ್ನಡಕ್ಕೆ ಬಂದಿಲ್ಲ. ಇನ್ನು ವ್ಯವಸ್ಥೆ ಎಷ್ಟೇ ಹಗುರವಾದರೂ ಇಂದಿನ ಜಾಲತಾಣಗಳು ಭಾರವೇ. 2 ಜಿಬಿ ರ‍್ಯಾಮ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಯಾವ ಲಿನಕ್ಸೂ ಕಾಪಾಡದು.

ಓದು, ಬರಹ, ಶಾಲೆಯ ಪಾಠ, ಗ್ರಂಥಾಲಯದ ಸೂಚಿ, ಪಂಚಾಯಿತಿಯ ಪತ್ರ ಇವಕ್ಕಾದರೆ ಹಗುರ ಲಿನಕ್ಸ್ ಧಾರಾಳವಾಗಿ ಸಾಕು. ಮಂಗಳೂರಿನಲ್ಲಿ ಕೊರತೆಯಿರುವುದು ತಂತ್ರಾಂಶಕ್ಕಲ್ಲ, ಹಾಕಿಕೊಡುವ ಕೈಗಳಿಗೆ. ಸುರತ್ಕಲ್ಲಿನ ಎನ್‌ಐಟಿಕೆಯಿಂದ ಹಿಡಿದು ನಗರದ ಪದವಿ ಕಾಲೇಜುಗಳವರೆಗೆ ಕಂಪ್ಯೂಟರ್ ಓದುವ ಸಾವಿರಾರು ಮಕ್ಕಳಿದ್ದಾರೆ. ವರ್ಷಕ್ಕೊಂದು ಶನಿವಾರ ಲ್ಯಾಬಿನ ಬಾಗಿಲು ಊರಿನವರಿಗೆ ತೆರೆದಿಟ್ಟು ಹಳೆಯ ಯಂತ್ರಗಳನ್ನು ತರಿಸಿಕೊಂಡರೆ ವಿದ್ಯಾರ್ಥಿಗಳಿಗೆ ಪಾಠ, ಪಕ್ಕದ ಸರ್ಕಾರಿ ಶಾಲೆಗೆ ಕಂಪ್ಯೂಟರ್. ಓದುಗರೂ ತಮ್ಮ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಪೆನ್‌ಡ್ರೈವಿನಿಂದ ‘ಲೈವ್’ ನಡೆಸಿ ನೋಡಬಹುದು. ಇನ್‌ಸ್ಟಾಲ್ ಗುಂಡಿ ಒತ್ತುವವರೆಗೆ ಅದರೊಳಗಿರುವುದು ಯಾವುದೂ ಅಳಿಯುವುದಿಲ್ಲ.