ಪಾರ್ಕಿಂಗ್‌ನಲ್ಲಿ ಕುಪ್ಪಳಿಸುವ ಸ್ಪೋರ್ಟ್ಸ್ ಕಾರು

ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ತಿರುವನ್ನು ಸದ್ದಿಲ್ಲದೆ ದಾಟುವ ಸ್ಪೋರ್ಟ್ಸ್ ಕಾರು, ಪಾರ್ಕಿಂಗ್ ಜಾಗದಿಂದ ಸ್ಟಿಯರಿಂಗ್ ಪೂರ್ತಿ ತಿರುಗಿಸಿಕೊಂಡು ನಡಿಗೆಯ ವೇಗದಲ್ಲಿ ಹೊರಬರುವಾಗ ಮುಂದಿನ ಚಕ್ರಗಳಿಂದ 'ಗುಡ್, ಗುಡ್' ಎನ್ನುತ್ತದೆ. ಚಕ್ರ ನೆಲದ ಮೇಲೆ ಕುಪ್ಪಳಿಸಿದಂತೆ ಸ್ಟಿಯರಿಂಗ್ ಅದುರುತ್ತದೆ. ಅಷ್ಟು ದುಡ್ಡು ಕೊಟ್ಟವನ ಎದೆ ಧಸಕ್ಕೆನ್ನುವುದು ಸಹಜ. ಆತ ನೇರವಾಗಿ ಗ್ಯಾರೇಜಿಗೆ ಬಂದು ಕೇಳುವುದು ಒಂದೇ ಪ್ರಶ್ನೆ: ಏನು ಮುರಿದಿದೆ?

ಹೆಚ್ಚಿನ ಸಲ ಏನೂ ಮುರಿದಿರುವುದಿಲ್ಲ. ಆದರೆ ಹಾಗೆಂದು ಪರೀಕ್ಷಿಸದೆ ಹೇಳುವಂತಿಲ್ಲ. ಇದರ ಹಿಂದಿರುವುದು ಪ್ರಥಮ ಪಿಯುಸಿಯ ತ್ರಿಕೋನಮಿತಿ ಮತ್ತು ಘರ್ಷಣೆಯ ಪಾಠ. ಹಾಗಾಗಿ ಕಾರು ಓಡಿಸಲು ಬಾರದ ನಾನು (ನನ್ನದು ಹನ್ನೆರಡು ವರ್ಷದ ಸ್ಕೂಟರ್) ಧೈರ್ಯ ಮಾಡಿ ಇದನ್ನು ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ದಿನದ ಮಾರ್ಚ್‌ಪಾಸ್ಟ್ ನೆನಪಿಸಿಕೊಳ್ಳಿ. ತಂಡ ಮೈದಾನದ ಮೂಲೆಯಲ್ಲಿ ತಿರುಗುವಾಗ ಒಳಸಾಲಿನವರು ಬಹುತೇಕ ನಿಂತಲ್ಲೇ ಹೆಜ್ಜೆ ಹಾಕುತ್ತಾರೆ, ಹೊರಸಾಲಿನವರು ಉದ್ದುದ್ದ ಹೆಜ್ಜೆ ಇಡುತ್ತಾರೆ. ಕಾರಿನ ಎಡ ಮತ್ತು ಬಲ ಚಕ್ರಗಳ ಪಾಡೂ ಅದೇ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.6 ಮೀಟರ್, ಎಡ ಬಲ ಚಕ್ರಗಳ ನಡುವಿನ ಅಂತರ 1.6 ಮೀಟರ್ ಇರುವ ಕಾರೊಂದನ್ನು ತೆಗೆದುಕೊಳ್ಳಿ. ಅದರ ಹಿಂದಿನ ಅಚ್ಚಿನ ನಡುಬಿಂದು 4.5 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗಲಿ. ಹಿಂದಿನ ಒಳಚಕ್ರದ ವೃತ್ತದ ತ್ರಿಜ್ಯ 3.7 ಮೀಟರ್, ಹೊರಚಕ್ರದ್ದು 5.3 ಮೀಟರ್. ಕಾಲು ಸುತ್ತು ತಿರುಗುವುದರೊಳಗೆ ಹೊರಚಕ್ರ ಸುಮಾರು 8.3 ಮೀಟರ್ ಉರುಳಿದರೆ ಒಳಚಕ್ರ 5.8 ಮೀಟರ್ ಮಾತ್ರ. ಈ ಎರಡೂವರೆ ಮೀಟರ್ ವ್ಯತ್ಯಾಸವನ್ನು ಸರಿದೂಗಿಸಲೆಂದೇ ಹಿಂದೆ ಡಿಫರೆನ್ಷಿಯಲ್ ಇದೆ.

ಮುಂದಿನ ಚಕ್ರಗಳ ಕಥೆ ಇನ್ನೂ ಸ್ವಾರಸ್ಯದ್ದು. ಅವು ಬೇರೆ ಬೇರೆ ದೂರ ಉರುಳಿದರೆ ಸಾಲದು, ಬೇರೆ ಬೇರೆ ಕೋನಕ್ಕೆ ತಿರುಗಲೂ ಬೇಕು. ಒಳಚಕ್ರದ ಕೋನದ ಟ್ಯಾನ್ ಬೆಲೆ 2.6 ಭಾಗಿಸು 3.7, ಅಂದರೆ ಕೋನ ಸುಮಾರು 35 ಡಿಗ್ರಿ. ಹೊರಚಕ್ರಕ್ಕೆ 2.6 ಭಾಗಿಸು 5.3, ಕೋನ ಸುಮಾರು 26 ಡಿಗ್ರಿ. ಒಂಬತ್ತು ಡಿಗ್ರಿಗಳ ಅಂತರ. ಎರಡೂ ಚಕ್ರಗಳು ಒಂದೇ ಕೋನಕ್ಕೆ ತಿರುಗಿದರೆ ಅವುಗಳ ವೃತ್ತಗಳ ಕೇಂದ್ರಗಳು ಬೇರೆಯಾಗುತ್ತವೆ. ಆಗ ಎರಡೂ ಚಕ್ರಗಳು ಜಗಳಕ್ಕೆ ಬಿದ್ದ ಜೋಡಿ ಎತ್ತುಗಳಂತೆ ಗಾಡಿಯನ್ನು ಎರಡು ಕಡೆಗೆ ಎಳೆಯುತ್ತವೆ. ಈ ಜಗಳ ತಪ್ಪಿಸುವ ಸಂಧಿಯನ್ನು ಮ್ಯೂನಿಕ್‌ನ ಸಾರೋಟು ತಯಾರಕ ಗೆಯೋರ್ಗ್ ಲಾಂಕೆನ್ಸ್‌ಪೆರ್ಗರ್ 1817ರ ಸುಮಾರಿಗೆ ರೂಪಿಸಿದ. ಇಂಗ್ಲೆಂಡಿನಲ್ಲಿ ಅದಕ್ಕೆ 1818ರಲ್ಲಿ ಪೇಟೆಂಟ್ ಪಡೆದದ್ದು ಅವನ ಪ್ರತಿನಿಧಿಯಾಗಿದ್ದ ರುಡಾಲ್ಫ್ ಆಕರ್‌ಮನ್. ಹೆಸರು ಉಳಿದದ್ದು ಪ್ರತಿನಿಧಿಯದು! ಇಂದಿಗೂ ಎಂಜಿನಿಯರುಗಳು ಇದನ್ನು ಆಕರ್‌ಮನ್ ಸ್ಟಿಯರಿಂಗ್ ಎಂದೇ ಕರೆಯುತ್ತಾರೆ.

ಹಾಗಾದರೆ ಇನ್ನೂರು ವರ್ಷ ಹಳೆಯ ಈ ಲೆಕ್ಕ ಸ್ಪೋರ್ಟ್ಸ್ ಕಾರು ಮಾಡುವವರಿಗೆ ಗೊತ್ತಿಲ್ಲವೆ? ಗೊತ್ತಿದೆ, ಬೇಕೆಂದೇ ಅದನ್ನು ಪೂರ್ತಿ ಪಾಲಿಸುವುದಿಲ್ಲ. ವೇಗದ ತಿರುವಿನಲ್ಲಿ ಕಾರಿನ ಭಾರ ಹೊರಚಕ್ರದ ಮೇಲೆ ಬೀಳುತ್ತದೆ. ಹೆಚ್ಚು ಭಾರ ಹೊತ್ತ ಟಯರು ತನ್ನ ಗರಿಷ್ಠ ಹಿಡಿತ ತೋರಿಸಬೇಕಾದರೆ, ತಾನು ಸಾಗುವ ದಿಕ್ಕಿಗಿಂತ ಸ್ವಲ್ಪ ಹೆಚ್ಚೇ ತಿರುಗಿ ನಿಲ್ಲಬೇಕು. ಆದ್ದರಿಂದ ಹೊರಚಕ್ರವನ್ನು ಪೇಟೆಂಟಿನ ಲೆಕ್ಕಕ್ಕಿಂತ ಜಾಸ್ತಿ ತಿರುಗಿಸುವ ಏರ್ಪಾಡನ್ನು ವಿನ್ಯಾಸಕಾರ ಮಾಡುತ್ತಾನೆ. ನಮ್ಮ ಲೆಕ್ಕ ಒಂಬತ್ತು ಡಿಗ್ರಿ ಕೇಳುವಲ್ಲಿ ಅವನು ಐದು ಕೊಟ್ಟ ಎಂದಿಟ್ಟುಕೊಳ್ಳಿ. ಉಳಿದ ನಾಲ್ಕು ಡಿಗ್ರಿಗಳ ಸಾಲವನ್ನು ಪಾರ್ಕಿಂಗ್ ಜಾಗದಲ್ಲಿ ರಬ್ಬರ್ ತೀರಿಸಬೇಕು.

ತೀರಿಸುವ ಬಗೆ ಹೇಗೆಂದರೆ: ಅಡ್ಡಕ್ಕೆ ಎಳೆಯಲ್ಪಡುವ ಟಯರು ಮೊದಲು ಜಾರುವುದಿಲ್ಲ, ನೆಲ ಕಚ್ಚಿಕೊಂಡು ಹಿಗ್ಗುತ್ತದೆ. ಎಳೆತ ಸ್ಥಿತ ಘರ್ಷಣೆಯ ಮಿತಿ ಮೀರಿದ ಕ್ಷಣ ಬಿಟ್ಟುಕೊಟ್ಟು ಪಕ್ಕಕ್ಕೆ ಹಾರುತ್ತದೆ. ಜಾರು ಘರ್ಷಣೆ ಅದಕ್ಕಿಂತ ಕಡಿಮೆ ಇರುವುದರಿಂದ ಹಿಗ್ಗಿದ್ದೆಲ್ಲ ಒಮ್ಮೆಗೇ ಸಡಿಲವಾಗುತ್ತದೆ. ಮತ್ತೆ ಕಚ್ಚುತ್ತದೆ, ಮತ್ತೆ ಹಾರುತ್ತದೆ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣ ಒಮ್ಮೊಮ್ಮೆ ಕಿರುಗುಟ್ಟಿ ಚುಕ್ಕಿ ಚುಕ್ಕಿಯಾಗಿ ಗೆರೆ ಎಳೆಯುತ್ತದಲ್ಲ, ಅದೇ ಕ್ರಿಯೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಅದನ್ನೇ. ಈ ಕಚ್ಚಾಟ ಸೆಕೆಂಡಿಗೆ ಕೆಲವೇ ಸಲ ನಡೆದರೆ 'ಗುಡ್ ಗುಡ್' ಎಂಬ ಕುಪ್ಪಳಿಕೆ. ನೂರಾರು ಸಲ ನಡೆದರೆ ಕೀರಲು ದನಿ. ಮಾಲ್‌ಗಳ ನೆಲಮಾಳಿಗೆಯಲ್ಲಿ, ನುಣುಪಾದ ಎಪಾಕ್ಸಿ ಬಳಿದ ನೆಲದ ಮೇಲೆ ಸಾಧಾರಣ ಕಾರುಗಳೂ ಕಿರುಚುವುದು ಇದರಿಂದಲೇ.

ಟಯರಿನ ಅಗಲವೂ ಸೇರಿದರೆ ಕಷ್ಟ ಹೆಚ್ಚುತ್ತದೆ. ಸ್ಪೋರ್ಟ್ಸ್ ಕಾರಿನ ಹಿಂದಿನ ಟಯರು 305 ಮಿ.ಮೀ. ಅಗಲವಿರುವುದು ಅಪರೂಪವಲ್ಲ. ನಮ್ಮ ಕಾಲು ಸುತ್ತಿನಲ್ಲಿ ಅದರ ಹೊರಅಂಚು ಒಳಅಂಚಿಗಿಂತ ಸುಮಾರು 48 ಸೆಂ.ಮೀ. ಹೆಚ್ಚು ದೂರ ಸಾಗಬೇಕು. ಎರಡು ಅಂಚುಗಳೂ ಒಂದೇ ಚಕ್ರಕ್ಕೆ ಸೇರಿದವು; ಅವುಗಳ ನಡುವೆ ಡಿಫರೆನ್ಷಿಯಲ್ ಇಡಲಾಗದು. ಆ ಅರ್ಧ ಮೀಟರನ್ನು ರಬ್ಬರು ಉಜ್ಜಿಯೇ ಮುಗಿಸಬೇಕು. ನಮ್ಮ ಸಣ್ಣ ಕಾರುಗಳ 165 ಮಿ.ಮೀ. ಟಯರಿಗೆ ಈ ಲೆಕ್ಕ 26 ಸೆಂ.ಮೀ. ಮಾತ್ರ, ಅದೂ ಮೆತ್ತಗಿನ, ಎತ್ತರದ ಬದಿಗಳಿರುವ ಟಯರು. ಸ್ಪೋರ್ಟ್ಸ್ ಟಯರಿನ ಬದಿಗಳು ಗಿಡ್ಡ, ಗಟ್ಟಿ. ಚಳಿದೇಶಗಳಲ್ಲಿ ಇನ್ನೊಂದು ಸಂಗತಿ ಸೇರುತ್ತದೆ: ಬೇಸಿಗೆ ಟಯರುಗಳ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗಿ, ಬೆಳಗಿನ ಮೊದಲ ತಿರುವಿನಲ್ಲಿ ಕುಪ್ಪಳಿಕೆ ಜೋರಾಗಿರುತ್ತದೆ.

ಇಷ್ಟು ಲೆಕ್ಕವನ್ನು ನಾನು ಕೂತು ಮಾಡಿದ್ದು ಒಬ್ಬ ಹಳೆಯ ವಿದ್ಯಾರ್ಥಿಗಾಗಿ. ನಮ್ಮಲ್ಲೇ ಪಿಯುಸಿ ಮುಗಿಸಿ, ಆಟೊಮೊಬೈಲ್ ಡಿಪ್ಲೊಮಾ ಮಾಡಿ, ಈಗ ಶಾರ್ಜಾದಲ್ಲಿ ಟಯರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಒಂದು ರಾತ್ರಿ ಅವನ ವಾಯ್ಸ್ ಮೆಸೇಜ್ ಬಂತು. "ಸರ್, ಟೂ ಸೀಟರ್ ಸ್ಪೋರ್ಟ್ಸ್ ಕಾರು. ಮುಂದಿನ ಎರಡು ಟಯರು ನಾನೇ ಹಾಕಿದ್ದು. ಮರುದಿನ ಬೇಸ್‌ಮೆಂಟಿಂದ ತೆಗೆಯುವಾಗ ಗುಡ್ ಗುಡ್ ಅಂತಿದೆಯಂತೆ. ನಾನು ಹಾಕಿದ್ದು ಸರಿಯಿಲ್ಲ ಅಂತ ಗಿರಾಕಿ ಹೇಳ್ತಿದ್ದಾರೆ. ಟಯರಿನ ದುಡ್ಡು ನನ್ನ ಸಂಬಳದಲ್ಲಿ ಹಿಡೀತಾರಂತೆ ಸರ್." ಜೊತೆಗಿದ್ದ ಮೆಕ್ಯಾನಿಕ್ ಒಬ್ಬರು, ಡಿಫರೆನ್ಷಿಯಲ್ ಬಿಚ್ಚಿಸೋಣ ಎಂದು ಗಿರಾಕಿಗೆ ಆಗಲೇ ಹೇಳಿಯಾಗಿತ್ತು. ಅದರ ಖರ್ಚು ಟಯರಿನ ಖರ್ಚಿಗಿಂತಲೂ ದೊಡ್ಡದು.

ಫೋನಿನಲ್ಲೇ ಇಬ್ಬರೂ ಕೂಡಿ ಒಂದು ಯೋಜನೆ ಮಾಡಿದೆವು. ಲ್ಯಾಬಿನಲ್ಲಿ ಮಾಡುವ ಹಾಗೆಯೇ: ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸು, ಶಬ್ದ ಏನಾಗುತ್ತದೆ ನೋಡು.

ಮೊದಲು, ಶಬ್ದ ಮುಂದಿನದೋ ಹಿಂದಿನದೋ? ಒಳಗೆ ಕೂತವನಿಗೆ ಇದು ತಿಳಿಯುವುದಿಲ್ಲ, ಲೋಹದ ಮೈ ಶಬ್ದವನ್ನು ಎಲ್ಲೆಡೆ ಹರಡುತ್ತದೆ. ಒಬ್ಬ ಓಡಿಸಬೇಕು, ಇನ್ನೊಬ್ಬ ಚಕ್ರದಿಂದ ದೂರದಲ್ಲಿ ಜೊತೆಗೆ ನಡೆಯುತ್ತ ಕೇಳಬೇಕು. ಮುಂದೆ ಎಂದು ತಿಳಿಯಿತು, ಒಳಚಕ್ರ ಪಕ್ಕಕ್ಕೆ ಹಾರುವುದು ಕಣ್ಣಿಗೂ ಕಂಡಿತು. ಡಿಫರೆನ್ಷಿಯಲ್ ಹಿಂದಿರುವ, ಹಿಂದಿನ ಚಕ್ರಗಳಿಂದ ಓಡುವ ಕಾರು ಅದು. ಅಲ್ಲಿಗೆ ಮೆಕ್ಯಾನಿಕರ ಅನುಮಾನ ಅರ್ಧ ಬಿದ್ದುಹೋಯಿತು.

ಎರಡನೆಯದು, ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಹಾಗೇ ಉರುಳಲು ಬಿಡುವುದು. ಎಂಜಿನಿನ ಎಳೆತ ಇಲ್ಲದಿದ್ದರೂ ಶಬ್ದ ಇದ್ದರೆ ಗೇರು, ಅಚ್ಚುಗಳ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ: ಕ್ಲಚ್ ತಟ್ಟೆಗಳನ್ನು ಮೊದಲೇ ಬಿಗಿಯಾಗಿ ಒತ್ತಿಟ್ಟಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ನ್ಯೂಟ್ರಲ್‌ನಲ್ಲೂ ಗೊಣಗಬಲ್ಲದು. ಆದರೆ ಆ ಗೊಣಗಾಟ ಬರುವುದು ಹಿಂದಿನಿಂದ, ಮತ್ತು ಸರಿಯಾದ ಎಣ್ಣೆ ಹಾಕಿದರೆ ಬಹಳ ಸಲ ನಿಲ್ಲುತ್ತದೆ.

ಮೂರನೆಯದು ನನಗೆ ಅತ್ಯಂತ ಇಷ್ಟವಾದದ್ದು, ಬಿಡಿಗಾಸಿನ ಖರ್ಚೂ ಇಲ್ಲದ್ದು. ಅದೇ ನೆಲದ ಮೇಲೆ ಎರಡು ಬಕೆಟ್ ನೀರು ಸುರಿದು ಅದೇ ತಿರುವನ್ನು ಮತ್ತೆ ತಿರುಗುವುದು. ನೀರು ಬದಲಿಸುವುದು ರಬ್ಬರು ಮತ್ತು ನೆಲದ ನಡುವಿನ ಘರ್ಷಣೆಯನ್ನು ಮಾತ್ರ. ಸವೆದ ಬೇರಿಂಗಿಗೆ ನೆಲ ಒದ್ದೆಯಾದದ್ದು ಗೊತ್ತಾಗುವುದಿಲ್ಲ, ಅದು ಕೂಗುತ್ತಲೇ ಇರುತ್ತದೆ. ಹುಡುಗ ಕಳಿಸಿದ ವಿಡಿಯೊದಲ್ಲಿ ಒಣನೆಲದ ಮೇಲೆ ಕಾರು ಕುಪ್ಪಳಿಸುತ್ತದೆ, ಒದ್ದೆ ನೆಲಕ್ಕೆ ಬಂದೊಡನೆ ಮೌನ. ತರಗತಿಯಲ್ಲಿ ಘರ್ಷಣೆಗೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ನಾನು ತೋರಿಸಿಲ್ಲ.

ಉಳಿದವು ಬೇಗ ಮುಗಿದವು. ಎಡಕ್ಕೂ ಬಲಕ್ಕೂ ಶಬ್ದ ಒಂದೇ ತೆರನಾಗಿತ್ತು. ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸದೆ ಕಾಲು ಸುತ್ತು ಬಿಟ್ಟರೆ ನಿಲ್ಲುತ್ತಿತ್ತು. ಟಯರು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ತಾಗಿದ್ದರೂ ಹೀಗೇ ಆಗುತ್ತದೆ, ಹಾಗಾಗಿ ಟಾರ್ಚ್ ಹಿಡಿದು ನೋಡಿದ. ಉಜ್ಜಿ ಮಿರುಗುವ ಗುರುತು ಎಲ್ಲೂ ಇರಲಿಲ್ಲ. ಗಾಳಿಯ ಒತ್ತಡ ಬಾಗಿಲ ಕಂಬದ ಚೀಟಿಯಲ್ಲಿ ಇದ್ದಷ್ಟೇ ಇತ್ತು, ಅಲೈನ್‌ಮೆಂಟ್ ಹಾಳೆಯ ಅಂಕಿಗಳೂ ಸರಿಯಿದ್ದವು.

ಹಾಗಾದರೆ ಹಳೆಯ ಟಯರಿಗೆ ಯಾಕೆ ಶಬ್ದ ಇರಲಿಲ್ಲ? ಗಿರಾಕಿಯ ಈ ಪ್ರಶ್ನೆ ನ್ಯಾಯವಾದದ್ದೇ. ಹಳೆಯದರಲ್ಲಿ ಮೇಲ್ಮೈಯ ರಬ್ಬರ್ ಗಟ್ಟಿಗಳು ಸವೆದು ತೆಳುವಾಗಿದ್ದವು. ಅವು ಹೆಚ್ಚು ಬಾಗದೆ ಸಣ್ಣ ಸಣ್ಣದಾಗಿ ಜಾರುತ್ತಿದ್ದವು. ಹೊಸದರಲ್ಲಿ ಅವು ಪೂರ್ತಿ ಎತ್ತರ. ಹೆಚ್ಚು ಬಾಗುತ್ತವೆ, ಬಿಟ್ಟಾಗ ಹೆಚ್ಚು ಹಾರುತ್ತವೆ. ಸಾಲದ್ದಕ್ಕೆ ಬೇರೆ ಮಾದರಿಯ ಟಯರು. ಆದರೆ ಗಿರಾಕಿಯನ್ನು ಒಪ್ಪಿಸಿದ್ದು ಈ ವಿವರಣೆಯಲ್ಲ. ಅವರ ಪರಿಚಯದವರಲ್ಲಿ ಅದೇ ಮಾದರಿಯ ಇನ್ನೊಂದು ಕಾರಿತ್ತು. ಅದನ್ನೂ ಅದೇ ನೆಲಮಾಳಿಗೆಯಲ್ಲಿ ತಿರುಗಿಸಿದರು. ಅದೂ ಕುಪ್ಪಳಿಸಿತು. ಕೆಲವು ಕಾರುಗಳ ಮಾಲೀಕರ ಕೈಪಿಡಿಯಲ್ಲೇ ನಿಧಾನದ ಬಿಗಿ ತಿರುವಿನಲ್ಲಿ ಹೀಗಾಗುವುದು ಸಹಜ ಎಂದು ಬರೆದಿರುತ್ತದೆ. ಕೈಪಿಡಿ ಓದುವವರು ಯಾರು? ಹುಡುಗನ ಸಂಬಳ ಉಳಿಯಿತು, ಡಿಫರೆನ್ಷಿಯಲ್ ಬಿಚ್ಚಲಿಲ್ಲ.

ಪರೀಕ್ಷೆಯ ಉತ್ತರ ಬೇರೆ ಬಂದಿದ್ದರೆ ಮಾತೂ ಬೇರೆಯಾಗುತ್ತಿತ್ತು. ಶಬ್ದ ಒಂದೇ ಬದಿಗೆ ತಿರುಗುವಾಗ ಮಾತ್ರ ಬಂದರೆ ಎರಡರಲ್ಲಿ ಒಂದು ಬದಿಯ ಏನೋ ಸವೆದಿರಬಹುದು ಅಥವಾ ತಾಗುತ್ತಿರಬಹುದು. ಚಕ್ರದ ಸುತ್ತಿಗೆ ತಾಳ ಹಾಕಿದಂತೆ 'ಟಕ್ ಟಕ್ ಟಕ್' ಎಂದರೆ, ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಮೊದಲ ಅನುಮಾನ ಸಿವಿ ಜಾಯಿಂಟಿನ ಮೇಲೆ. ಅದರ ರಬ್ಬರ್ ಚೀಲ ಹರಿದು ಗ್ರೀಸು ಚಕ್ರದ ಒಳಬದಿಗೆ ಸಿಡಿದಿರುತ್ತದೆ. ನಮ್ಮೂರಿನ ಹೆಚ್ಚಿನ ಕಾರುಗಳು ಈ ಬಗೆಯವೇ, ಹಾಗಾಗಿ ಇದನ್ನು ನೀವು ಕೇಳುವ ಸಂಭವವೇ ಜಾಸ್ತಿ. ಕಾರು ನಿಂತಿರುವಾಗಲೂ ಸ್ಟಿಯರಿಂಗ್ ತಿರುಗಿಸಿದೊಡನೆ ನರಳಿದರೆ ಪವರ್ ಸ್ಟಿಯರಿಂಗ್ ನೋಡಬೇಕು. ನೇರ ರಸ್ತೆಯಲ್ಲೂ ಬರುವ, ವೇಗದೊಂದಿಗೆ ಏರುವ ಗುಂಯ್‌ಗುಟ್ಟುವಿಕೆ ಬೇರಿಂಗಿನದು. ಅದನ್ನು ಹೊತ್ತು ಊರಿಗೆ ಹೊರಡಬಾರದು.

ಸಹಜವಾದ ಕುಪ್ಪಳಿಕೆಗೂ ಬೆಲೆ ಇದೆ. ಪ್ರತಿ ಸಲ ಒಂದಿಷ್ಟು ರಬ್ಬರು ನೆಲಕ್ಕೆ ಹೋಗುತ್ತದೆ, ಅದರಲ್ಲೂ ಮುಂದಿನ ಟಯರುಗಳ ಅಂಚು ಬೇಗ ಸವೆಯುತ್ತದೆ. ನಿಂತ ಕಾರಿನಲ್ಲಿ ಸ್ಟಿಯರಿಂಗ್ ತಿರುಗಿಸದೆ, ಮೊದಲು ಒಂದಿಷ್ಟು ಉರುಳಿಸಿ ಆಮೇಲೆ ತಿರುಗಿಸಿದರೆ, ಕೊನೆಯವರೆಗೆ ಒತ್ತದೆ ಸ್ವಲ್ಪ ಬಿಟ್ಟರೆ ಈ ಸವೆತ ತಗ್ಗುತ್ತದೆ. ಒಂದು ಸಲಕ್ಕೆ ಆಗುವ ತಿರುವು ಎರಡು ಸಲಕ್ಕೆ ಆಗಬಹುದು, ಅಷ್ಟೇ. ಟಯರು ಎಷ್ಟು ಹಳೆಯದು ಎಂದು ತಿಳಿಯಲು ಅದರ ಬದಿಯಲ್ಲಿ ಅಚ್ಚೊತ್ತಿದ ಕೊನೆಯ ನಾಲ್ಕು ಅಂಕಿ ನೋಡಿ: 3522 ಎಂದಿದ್ದರೆ 2022ರ 35ನೇ ವಾರದಲ್ಲಿ ತಯಾರಾದದ್ದು. ಸ್ಕೂಟರ್ ಟಯರಿನಲ್ಲೂ ಇದು ಇರುತ್ತದೆ.