ಗುಲಾಬಿ ಪರಿಮಳದ ಸ್ಲಿಪ್ಪರ್ ಆರ್ಕಿಡ್ ಮನೇಲಿ ಬೆಳೆಸ್ತೀರಾ? ನೀರು ಹಾಕೋ ಮುಂಚೆ ಇದನ್ನ ಓದಿ

ಮಲೆನಾಡಿನವರಿಗೆ ಆರ್ಕಿಡ್ ಹೊಸದಲ್ಲ. ಮರದ ಕೊಂಬೆಯಿಂದ ಜೋತು ಬೀಳುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಆದರೆ ಸ್ಲಿಪ್ಪರ್ ಆರ್ಕಿಡ್‌ನ ಸ್ವಭಾವವೇ ಬೇರೆ. ಸೀತಾಳೆಯಂತೆ ಮರಕ್ಕೆ ಕಟ್ಟಿದರೆ ಒಣಗುತ್ತೆ, ತುಳಸಿಯಂತೆ ಮಣ್ಣಿಗೆ ನೆಟ್ಟರೆ ಕೊಳೆಯುತ್ತೆ. ದುಡ್ಡು ಕೊಟ್ಟು ತಂದ ಗಿಡ ಕೈತಪ್ಪೋದು ಹೆಚ್ಚಾಗಿ ಇಲ್ಲೇ.

ಹೂವಿನ ಒಂದು ದಳ ಚಪ್ಪಲಿಯ ಮುಂಭಾಗದಂತೆ ಚೀಲವಾಗಿರೋದ್ರಿಂದ ಈ ಹೆಸರು. ಇದು ಹುಳ ತಿನ್ನುವ ಗಿಡವಲ್ಲ. ಚೀಲಕ್ಕೆ ಬಿದ್ದ ಹುಳ ಹಿಂಬದಿಯ ಕಿಂಡಿಯಿಂದ ಹೊರಬರುವಾಗ ಪರಾಗ ಮೈಗೆ ಅಂಟಿಸಿಕೊಂಡು ಹೋಗುತ್ತೆ, ಅಷ್ಟೆ. ಈ ಗುಂಪಿನ ಬಹುಪಾಲು ಹೂಗಳಿಗೆ ಹೇಳಿಕೊಳ್ಳುವಂಥ ಪರಿಮಳ ಇಲ್ಲ. ವಿಯೆಟ್ನಾಂ ಮೂಲದ ಪ್ಯಾಫಿಯೋಪೆಡಿಲಮ್ ಡೆಲೆನಾಟಿಗೆ ಮಾತ್ರ ಗುಲಾಬಿಯ ನವಿರಾದ ಘಮ ಇದೆ ಅನ್ನುವಷ್ಟು ಅಪರೂಪ. ಮಲ್ಲಿಗೆ ಥರ ಮನೆ ತುಂಬಾ ಹರಡಲ್ಲ, ಮೂಗು ಹತ್ತಿರ ತರಬೇಕು. ತಿಳಿಗುಲಾಬಿ ಹೂವು ವಾರಗಟ್ಟಲೆ ಬಾಡದೆ ನಿಲ್ಲುತ್ತೆ. ಮಚ್ಚೆ ಮಚ್ಚೆಯ ಎಲೆ, ಅದರ ಅಡಿಭಾಗದಲ್ಲಿ ನೇರಳೆ ಬಣ್ಣ, ಹೂವಿಲ್ಲದಾಗಲೂ ಚೆಂದ.

ಈಗ ನೀರಿನ ವಿಚಾರ. ಅನೇಕ ಆರ್ಕಿಡ್‌ಗಳಿಗೆ ನೀರು ಕೂಡಿಡಲು ದಪ್ಪನೆಯ ಗೆಡ್ಡೆಯಂಥ ಕಾಂಡ ಇರುತ್ತೆ. ಇದಕ್ಕಿಲ್ಲ. ಹಾಗಾಗಿ ಪೂರ್ತಿ ಒಣಗಿಸುವಂತಿಲ್ಲ, ಸದಾ ತೊಯ್ಯಿಸಿಡುವಂತೆಯೂ ಇಲ್ಲ. ಬೆರಳು ಒಂದಿಂಚು ಒಳಗಿಟ್ಟು ನೋಡಿ, ತೇವ ಇನ್ನೇನು ಆರುತ್ತಿದೆ ಅನ್ನಿಸಿದಾಗ ಬೆಳಿಗ್ಗೆ ಚೆನ್ನಾಗಿ ಹಾಕಿ, ಪೂರ್ತಿ ಬಸಿದುಹೋಗಲಿ. ತಟ್ಟೆಯಲ್ಲಿ ನೀರು ನಿಲ್ಲಬಾರದು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ರಾತ್ರಿ ಕಳೆಯೋದ್ರೊಳಗೆ ಕೊಳೆ ಶುರುವಾಗಬಹುದು, ಹತ್ತಿಯಿಂದ ಒರೆಸಿಬಿಡಿ. ಗಡಸು ಬೋರ್‌ವೆಲ್ ನೀರಿಗಿಂತ ಮಳೆನೀರು ಎಷ್ಟೋ ವಾಸಿ. ಆದರೆ ಮಳೆಗಾಲದಲ್ಲಿ ಕುಂಡವನ್ನೇ ಸೂರಿನಂಚಿಗೆ ಇಡಬೇಡಿ.

ಕುಂಡಕ್ಕೆ ಮಣ್ಣು ಬೇಡವೇ ಬೇಡ. ಪೈನ್ ತೊಗಟೆ ಚೂರು, ಇದ್ದಿಲು, ಸ್ವಲ್ಪ ತೆಂಗಿನ ಸಿಪ್ಪೆ ತುಂಡು ಸಾಕು. ಸಿಪ್ಪೆಯನ್ನು ಎರಡು ದಿನ ನೆನೆಸಿ, ನೀರು ಬದಲಿಸಿ ತೊಳೆದು ಉಪ್ಪು ತೆಗೆಯಬೇಕು. ಸ್ಲಿಪ್ಪರ್ ಆರ್ಕಿಡ್‌ಗೆ ಸುಣ್ಣ ಹಾಕಿ ಅನ್ನೋ ಸಲಹೆ ಸಾಮಾನ್ಯ. ಸುಣ್ಣಕಲ್ಲಿನ ಬೆಟ್ಟದ ಜಾತಿಗಳಿಗೆ ಅದು ಸರಿ. ಡೆಲೆನಾಟಿ ಹುಳಿ ಗುಣದ ಜಾಗದಲ್ಲಿ ಬೆಳೆಯುವಂಥದ್ದು, ಅದಕ್ಕೆ ಬೇಡ. ಗೊಬ್ಬರ ಪ್ಯಾಕೆಟ್ ಮೇಲೆ ಬರೆದಿದ್ದರ ಕಾಲುಭಾಗ ಸಾಕು. ಒಂದೆರಡು ವರ್ಷಕ್ಕೊಮ್ಮೆ, ಹೂವು ಮುಗಿದ ಮೇಲೆ ತೊಗಟೆ ಬದಲಿಸಿ.

ಪೂರ್ವದ ಕಿಟಕಿಯ ಬೆಳಕು ಹೇಳಿಮಾಡಿಸಿದಂತಿದೆ. ಮಧ್ಯಾಹ್ನದ ಬಿಸಿಲು ಎಲೆ ಸುಡುತ್ತೆ. ಅಂಗಡಿಯಲ್ಲಿಡುವವರು ಬಾಳೆಗೊನೆಯಿಂದ ದೂರ ಇಡಿ. ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲಕ್ಕೆ ಆರ್ಕಿಡ್ ಹೂವು ಬೇಗ ಬಾಡುತ್ತೆ. ಒಮ್ಮೆ ಹೂ ಬಿಟ್ಟ ಚಿಗುರು ಮತ್ತೆ ಹೂ ಬಿಡಲ್ಲ ಅಂತ ಕಿತ್ತೆಸೆಯಬೇಡಿ, ಮುಂದಿನ ಮರಿ ಹುಟ್ಟೋದು ಅದರ ಬುಡದಲ್ಲೇ.

ಕೊಳ್ಳುವಾಗ ಒಂದು ಎಚ್ಚರ. ಇಡೀ ಪ್ಯಾಫಿಯೋಪೆಡಿಲಮ್ ಕುಲ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಕಾಡಿನಿಂದ ಕಿತ್ತ ಗಿಡದ ಅಂತಾರಾಷ್ಟ್ರೀಯ ವ್ಯಾಪಾರ ನಿಷಿದ್ಧ. ಡೆಲೆನಾಟಿ ಕಾಡಿನಲ್ಲಿ ನಿರ್ನಾಮವಾಗಿದೆ ಎಂದೇ ದಶಕಗಳ ಕಾಲ ನಂಬಲಾಗಿತ್ತು. ಆ ಅವಧಿಯಲ್ಲಿ ಜನರ ಕೈಯಲ್ಲಿದ್ದವೆಲ್ಲ ಫ್ರಾನ್ಸ್‌ನಲ್ಲಿ ಬೀಜದಿಂದ ಬೆಳೆಸಿದ ಸಂತತಿ. 1990ರ ದಶಕದಲ್ಲಿ ವಿಯೆಟ್ನಾಂನಲ್ಲಿ ಮತ್ತೆ ಪತ್ತೆಯಾದದ್ದೇ ತಡ, ಗಿಡ ಕೀಳುವವರು ಮುಗಿಬಿದ್ದರು. ಬೀಜದ ಗಿಡ ಸುಲಭವಾಗಿ ಬೆಳೆಯುವಾಗ ಕಾಡಿನದ್ದು ಯಾಕೆ ಬೇಕು? ಬೇರು ಕತ್ತರಿಸಿದ, ಹರಿದ ಹಳೇ ಎಲೆಗಳ, ಕುಂಡವಿಲ್ಲದ ಗಿಡ ಅಗ್ಗಕ್ಕೆ ಬಂದರೆ ಬೇಡ ಅನ್ನಿ. ನರ್ಸರಿಯವರ ಹತ್ತಿರ ಬಿಲ್ ಕೇಳಿ ತಗೊಳ್ಳಿ.